ಪುಟ್ಟ ಕಾರು, ಮಿತವಾದ ಓಟ

ಕಾರೆಂಬುದು ಸಿರಿವಂತರ ಸೊತ್ತೆಂಬ ಭಾವನೆ 1983ರಲ್ಲಿ ಮಾರುತಿ 800 ಬಂದ ಮೇಲೆ ಸಡಿಲವಾಯಿತು. ನಮ್ಮ ಬಿಡದಿಯಲ್ಲಿಯೂ 2011ರಿಂದ ಕೆಲವು ವರ್ಷ ಎಟಿಯೋಸ್ ಲಿವಾ ಎಂಬ ಪುಟ್ಟ ಕಾರು ತಯಾರಾಯಿತು. ಕೂಟಗಲ್ಲಿನ ಉಪಾಧ್ಯಾಯನಾದ ನಾನೂ ಹಳೆಯದೊಂದು ಸಣ್ಣ ಕಾರನ್ನು ಕೊಂಡೆ. ರಾಮನಗರಕ್ಕೆ ನಾಲ್ಕು ಸಲ ಹೋಗಿಬರುವಷ್ಟರಲ್ಲಿ ಅದು ನನ್ನ ಸಂಬಳವನ್ನೇ ಕುಡಿಯುವಂತೆ ತೋರಿತು. ದೋಷ ಕಾರಿನದಲ್ಲ, ನನ್ನ ಕಾಲಿನದು. ಗುಂಡಿ ಕಂಡೊಡನೆ ಬ್ರೇಕು, ದಾಟಿದೊಡನೆ ಆಕ್ಸಿಲರೇಟರು! ಗಳಿಸಿದ ವೇಗವನ್ನು ಬ್ರೇಕು ಶಾಖವಾಗಿಸಿ ಕಳೆಯುತ್ತದೆ. ಅದನ್ನು ಮತ್ತೆ ಪೆಟ್ರೋಲು ಸುಟ್ಟೇ ಗಳಿಸಬೇಕು. ಆದುದರಿಂದ ದೂರದಿಂದಲೇ ಕಾಲನ್ನು ಸಡಿಲಿಸಿ. ತಕ್ಕ ಗೇರು ಹಾಕಿ. ಚಕ್ರಗಳ ಗಾಳಿ ಕುಂದದಂತೆ ನೋಡಿಕೊಳ್ಳಿ. ಉಳಿತಾಯಕ್ಕಿಂತ ಮಿಗಿಲಾದ ಲಾಭ ಇನ್ನೊಂದುಂಟು. ಶಾಲೆ ಬಿಟ್ಟ ಹೊತ್ತಿನಲ್ಲಿ ಮಗುವೊಂದು ರಸ್ತೆಗೆ ಓಡಿಬಂದರೆ, ನಿಧಾನವಾಗಿ ಬರುವ ಕಾರು ನಿಲ್ಲಬಲ್ಲದು. ಒಂದು ಸಂಜೆ ನನ್ನದು ನಿಂತಿತು.