ಸಂಘದ ಪುಸ್ತಕದಿಂದ ಅವಳ ಹೆಸರು ತೆಗೆಯಬೇಡಿ
(ಮಹಿಳಾ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ಗಂಡ ಹೆಂಡತಿ ಬೇರೆಯಾದಾಗ ಹೆಣ್ಣುಮಗಳಿಗೆ ಎಲ್ಲೆಲ್ಲಿ ಆಸರೆ ಸಿಗುತ್ತದೆ ಎಂಬುದು ಇವತ್ತಿನ ವಿಷಯ. ಈ ವಿಷಯ ಇಟ್ಟುಕೊಂಡಿದ್ದೇವೆ ಎಂದಾಗ ಒಂದಿಬ್ಬರು, "ಮನೆ ಮುರಿಯೋದನ್ನ ಹೇಳಿಕೊಡ್ತೀರಾ?" ಅಂತ ಕೇಳಿದರು. ಮುರಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಸಂಘಗಳಿಗೆ ಹೋದಾಗ ಕಾಣುವುದು ಆಗಲೇ ಮುರಿದದ್ದನ್ನು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಗಂಡ ಫೋನ್ ಎತ್ತುವುದಿಲ್ಲ. ಹೊಡೆತ ತಾಳದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದವಳು ವರ್ಷವಾದರೂ ಅಲ್ಲೇ ಇದ್ದಾಳೆ. ಕೋರ್ಟಿನಲ್ಲಿ ಏನೂ ಆಗಿಲ್ಲ, ಆದ್ದರಿಂದ ವಿಚ್ಛೇದಿತೆ ಅಲ್ಲ. ಸಂಸಾರ ಇದೆ ಎನ್ನುವ ಹಾಗೂ ಇಲ್ಲ.

ಇಂಥವಳಿಗೆ ನಮ್ಮ ಸಂಘ ಏನು ಮಾಡುತ್ತದೆ? ಮೂರು ವಾರ ಸಭೆಗೆ ಬರಲಿಲ್ಲ, ಎರಡು ಕಂತು ಬಾಕಿ ಬಿತ್ತು. ನಾಲ್ಕನೇ ವಾರ ನಿರ್ಣಯ ಬರೆದು ಹೆಸರು ತೆಗೆದುಬಿಡುತ್ತದೆ. "ನಿಯಮ ಅಂದ್ರೆ ನಿಯಮ ಅಲ್ವಾ ಮೇಡಂ" ಎನ್ನುತ್ತೀರಿ. ಪಂಚಸೂತ್ರ ನಿಮಗೆ ಬಾಯಿಪಾಠ, ಅದು ಬೇಡ ಎಂದು ನಾವೂ ಹೇಳುವುದಿಲ್ಲ. ಒಬ್ಬರ ಕಂತು ನಿಂತರೆ ಬ್ಯಾಂಕಿನವರು ಇಡೀ ಸಂಘವನ್ನು ಕೇಳುತ್ತಾರೆ ಎಂಬುದೂ ಗೊತ್ತು. ಆದರೆ ಸ್ವಲ್ಪ ಯೋಚಿಸಿ. ಮನೆ ಅವನ ಹೆಸರಲ್ಲಿ, ಪಹಣಿ ಮಾವನ ಹೆಸರಲ್ಲಿ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಅವಳೊಬ್ಬಳ ಹೆಸರೇ ಇರುವುದು ಸಂಘದ ಪಾಸ್ ಪುಸ್ತಕದಲ್ಲಿ ಮಾತ್ರ. ಎಲ್ಲ ಕೈಬಿಟ್ಟ ಹೊತ್ತಿನಲ್ಲಿ ಅದನ್ನೂ ಕಿತ್ತುಕೊಳ್ಳುವುದೇ?

ಬೇರೆ ದಾರಿ ಇದೆ. ಆರು ತಿಂಗಳ ಮಟ್ಟಿಗೆ ಹಾಜರಾತಿಗೆ ವಿನಾಯಿತಿ ಕೊಡಿ. ಉಳಿತಾಯವನ್ನು ಫೋನ್ ಪೇ ಮಾಡಲಿ, ಇಲ್ಲವೇ ಪಕ್ಕದ ಮನೆಯವಳ ಕೈಯಲ್ಲಿ ಕಳಿಸಲಿ. ಕಂತನ್ನು ಸಣ್ಣದು ಮಾಡಿ ಅವಧಿ ಉದ್ದ ಮಾಡಲು ಬ್ಯಾಂಕಿನಲ್ಲಿ ಸಂಘವೇ ಮಾತಾಡಲಿ. ತವರಿನಲ್ಲೇ ಉಳಿಯುವುದಾದರೆ ಆ ಊರಿನ ಸಂಘಕ್ಕೆ ಸೇರಿಸಲು ಒಕ್ಕೂಟ ಮುಂದಾಗಲಿ.

ಇನ್ನೊಂದು ವಿಚಾರ. ಸಾಲ ಅವಳ ಹೆಸರಲ್ಲಿ, ಆ ಸಾಲದಲ್ಲಿ ತಂದ ಬೈಕು ಅವನ ಹೆಸರಲ್ಲಿ. ಇದು ಎಷ್ಟು ಮನೆಯಲ್ಲಿದೆ ಎಂದು ಕೈ ಎತ್ತಿಸುವುದಿಲ್ಲ ಬಿಡಿ! ಸಾಲ ಯಾವುದಕ್ಕೆ ಎಂದು ನಿಮ್ಮ ನಿರ್ಣಯ ಪುಸ್ತಕದಲ್ಲಿ ಸರಿಯಾಗಿ ಬರೆದಿದ್ದರೆ, ಆ ಪುಟದ ನಕಲು ಮುಂದೆ ಅವಳಿಗೆ ಆಧಾರವಾಗುತ್ತದೆ. ಸುಮ್ಮನೆ "ಹೈನುಗಾರಿಕೆ" ಅಂತ ಬರೆಯುವುದನ್ನು ಬಿಡಿ.

ಸಂಘದೊಳಗಿನ ಮಾತಿನ ಬಗ್ಗೆ ಹೇಳಲೇಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆ, ಉಂಡು ಮಲಗಲು ಬಿಡುವ ಮನೆಗಳಿಗೆ ಸರಿ. ಕೈ ಮುರಿದುಕೊಂಡು ಬಂದವಳಿಗೆ ಅದನ್ನು ಹೇಳಬಾರದು. "ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು" ಎಂಬ ಮಾತನ್ನು ಅವಳು ಆಗಲೇ ಹತ್ತು ಜನರಿಂದ ಕೇಳಿರುತ್ತಾಳೆ, ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿರುತ್ತಾಳೆ. ನೀವು "ಊಟ ಆಯ್ತಾ?" ಅಂತ ಕೇಳಿ ಸಾಕು. ಮಗುವನ್ನು ಒಂದು ಗಂಟೆ ನೋಡಿಕೊಳ್ಳಿ. ತಾಲ್ಲೂಕು ಕಚೇರಿಗೋ ಕೋರ್ಟಿಗೋ ಹೋಗುವಾಗ ಒಬ್ಬರು ಜೊತೆಗೆ ಹೋಗಿ. ಸರಕಾರಿ ಬಸ್ಸು ಓಡುವ ಕಡೆ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ, ಆ ನೆಪವೂ ಹೋಯಿತು. ಮದುವೆ, ಹಬ್ಬ, ಸೀಮಂತಕ್ಕೆ ಅವಳನ್ನು ಎಂದಿನಂತೆ ಕರೆಯಿರಿ. ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಒಂದೇ ಸಂಘದಲ್ಲಿ ಅತ್ತೆ ಸೊಸೆ ಇಬ್ಬರೂ ಇರುವುದುಂಟು. ಆಗ ಸಂಘ ಎರಡು ಪಾಲಾಗುತ್ತದೆ. ಯಾರದು ತಪ್ಪು ಎಂದು ತೀರ್ಮಾನಿಸಲು ಕೂರಬೇಡಿ, ಅದು ಸಂಘದ ಕೆಲಸವಲ್ಲ. ಅತ್ತೆಯೂ ಸದಸ್ಯೆ, ಸೊಸೆಯೂ ಸದಸ್ಯೆ; ಇಬ್ಬರ ಲೆಕ್ಕವೂ ಹಾಗೇ ನಡೆಯಲಿ. ಸೊಸೆ ಅಧ್ಯಕ್ಷೆಗೆ ಹೇಳಿಕೊಂಡದ್ದು ಸಂಜೆಗೆ ನಲ್ಲಿ ಹತ್ತಿರ ಬರಬಾರದು, ಅಷ್ಟೇ.

ಈಗ ಕಾಗದಪತ್ರದ ವಿಷಯ. ಹಿರಿಯರು ಕೂತು ನ್ಯಾಯ ಹೇಳಿ, ಛಾಪಾ ಕಾಗದದ ಮೇಲೆ "ಇನ್ನು ನಮಗೂ ಇವರಿಗೂ ಸಂಬಂಧವಿಲ್ಲ" ಎಂದು ಬರೆಸಿ ಸಹಿ ಹಾಕಿಸುವುದುಂಟು. ನೋಟರಿ ಮುಂದೆ ಬರೆದ ಇಂಥ ಕಾಗದದಿಂದ ಮದುವೆ ರದ್ದಾಗುವುದಿಲ್ಲ. ಕೆಲವು ಸಮುದಾಯಗಳ ಹಳೆಯ ರೂಢಿಯನ್ನು ಕಾನೂನು ಒಪ್ಪುತ್ತದೆ, ಆದರೆ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಓದದೆ, ಓದಿಸಿಕೊಳ್ಳದೆ, ಖಾಲಿ ಕಾಗದದ ಮೇಲಂತೂ, ಹೆಬ್ಬೆಟ್ಟು ಒತ್ತಬೇಡಿ. ನಮಗೆ ಗೊತ್ತಿರುವ ಒಬ್ಬ ಸದಸ್ಯೆ ಹಾಗೆ ಸಹಿ ಹಾಕಿ, ಇನ್ನು ತನಗೆ ಏನೂ ಬರುವುದಿಲ್ಲ ಎಂದುಕೊಂಡು ಎರಡು ವರ್ಷ ಕೂಲಿ ಮಾಡಿ ಮಗನನ್ನು ಸಾಕಿದಳು. ಜೀವನಾಂಶ ಕೇಳುವ ಹಕ್ಕು ಆ ಎರಡು ವರ್ಷವೂ ಇತ್ತು.

ಜೀವನಾಂಶಕ್ಕೆ ಮೊದಲಿದ್ದ 125ನೇ ಕಲಂ 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ಡೈವೋರ್ಸ್ ಆಗಿರಲೇಬೇಕೆಂದಿಲ್ಲ. ಯಾವ ಧರ್ಮದವರಾದರೂ ಕೇಳಬಹುದು. ಮುಸ್ಲಿಂ ಮಹಿಳೆಯರಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೆ ಹೇಳಿದೆ. ಗಂಡನ ಊರಿಗೆ ಹೋಗಿ ಅರ್ಜಿ ಹಾಕಬೇಕೆಂದಿಲ್ಲ, ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಪಂಚಾಯ್ತಿ ಪಂಚಾಯ್ತಿ ಅಂತ ಆರು ತಿಂಗಳು ಕಳೆದರೆ ಆ ಆರು ತಿಂಗಳು ಹೋದ ಹಾಗೆಯೇ.

ಹೊಡೆತ, ಬೈಗುಳ, ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅದಕ್ಕೆ ತಾಲ್ಲೂಕಿನ ಸಂರಕ್ಷಣಾಧಿಕಾರಿ ಎಂದರೆ ನಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿ.ಡಿ.ಪಿ.ಓ. ಆಫೀಸು ಎಲ್ಲಿದೆ ಎಂದು ಅಂಗನವಾಡಿ ಟೀಚರನ್ನು ಕೇಳಿದರೆ ಹೇಳುತ್ತಾರೆ. ಮನೆ ಗಂಡನ ಅಥವಾ ಅತ್ತೆಮಾವನ ಹೆಸರಲ್ಲಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸ ಮಾಡುವ ಹಕ್ಕನ್ನು ಈ ಕಾಯ್ದೆಯಲ್ಲಿ ಕೇಳಬಹುದು. ವಕೀಲರ ಫೀಸಿಗೆ ಹೆದರಬೇಡಿ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಮಹಿಳಾ ಸಹಾಯವಾಣಿ 181, ಜೀವಕ್ಕೆ ಅಪಾಯವಿದ್ದರೆ 112. ಜಿಲ್ಲಾ ಕೇಂದ್ರದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇದೆ, ತುರ್ತಿಗೆ ಕೆಲವು ದಿನ ಉಳಿಯಲೂ ಅಲ್ಲಿ ವ್ಯವಸ್ಥೆ ಇದೆ.

ಹೊರಟು ಬರುವಾಗ ಬಟ್ಟೆಗಿಂತ ಮೊದಲು ಆಧಾರ್, ಮಕ್ಕಳ ಜನನ ಪತ್ರ, ಮದುವೆಯ ಒಂದು ಫೋಟೋ ಅಥವಾ ಲಗ್ನಪತ್ರಿಕೆ, ಒಡವೆ ಅಡವಿಟ್ಟ ಚೀಟಿ ಚೀಲಕ್ಕೆ ಹಾಕಿಕೊಳ್ಳಬೇಕು. ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ ನೋಡಿ. ಖಾತೆ ಹೆಂಡತಿಯದು, ಓ.ಟಿ.ಪಿ. ಬರುವುದು ಗಂಡನ ಫೋನಿಗೆ. ಹೀಗಿದ್ದರೆ ದುಡ್ಡು ಯಾರದು? ಮೊದಲು ನಂಬರ್ ಬದಲಿಸಿ, ಎ.ಟಿ.ಎಂ. ಪಿನ್ ಬದಲಿಸಿ.

ನಮ್ಮ ಕಥೋಲಿಕ ಸದಸ್ಯರು ಪದೇ ಪದೇ ಕೇಳುವುದಕ್ಕೂ ಉತ್ತರ ಹೇಳಿಬಿಡುತ್ತೇವೆ. ಧರ್ಮಸಭೆಯ ನ್ಯಾಯಮಂಡಳಿ ಮದುವೆ ಅಸಿಂಧು ಎಂದು ತೀರ್ಪು ಕೊಟ್ಟರೆ ಅದು ಧರ್ಮಸಭೆಯ ಮಟ್ಟಿಗೆ. ಸರಕಾರದ ಲೆಕ್ಕದಲ್ಲಿ ಕೋರ್ಟಿನ ಆದೇಶವೇ ಬೇಕು. ಅದಕ್ಕೂ ಮಾನ್ಯತೆ ಕೊಡಿ ಎಂದು ಮಂಗಳೂರಿನವರೇ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ. ಇನ್ನು, ಗಂಡನಿಂದ ಬೇರೆಯಾಗಿದ್ದಾಳೆ ಎಂಬ ಒಂದೇ ಕಾರಣಕ್ಕೆ ಪರಮಪ್ರಸಾದಕ್ಕೆ ತಡೆ ಇಲ್ಲ. ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವುದು ಬೇಡ.

ಮಕ್ಕಳಿಗೆ, "ನಿನ್ನಿಂದ ಹೀಗಾದದ್ದಲ್ಲ" ಎಂದು ಬಾಯಿಬಿಟ್ಟೇ ಹೇಳಬೇಕು, ಅವು ಹಾಗೇ ತಿಳಿದುಕೊಂಡಿರುತ್ತವೆ. ಅಪ್ಪನ ಕಡೆಯ ಸುದ್ದಿ ತರಲು ಅವುಗಳನ್ನು ಕಳಿಸಬೇಡಿ. ತಾಯಿ ವಾರಗಟ್ಟಲೆ ನಿದ್ದೆ ಮಾಡದೆ, ಅನ್ನ ಸೇರದೆ, "ಇದ್ದು ಏನು ಮಾಡಲಿ" ಎನ್ನತೊಡಗಿದರೆ ಅದನ್ನು ಬಾಯಿಮಾತು ಎಂದು ಬಿಡಬೇಡಿ. ಒಬ್ಬಳೇ ಇರಲು ಬಿಡದೆ 14416ಕ್ಕೆ ಫೋನ್ ಮಾಡಿಸಿ. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿ 2022ರಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಹಾಜರಾತಿ ವಿನಾಯಿತಿಯ ನಿರ್ಣಯದ ಮಾದರಿಯನ್ನು ನಮ್ಮ ಕಾರ್ಯಕರ್ತೆಯರು ಹಂಚುತ್ತಾರೆ. ಮುಂದಿನ ವಾರದ ಸಭೆಯಲ್ಲಿ ಓದಿ ಬರೆದುಕೊಳ್ಳಿ. ಈಗ ಪ್ರಶ್ನೆ ಕೇಳಬಹುದು. ಎಲ್ಲರೆದುರು ಕೇಳಲಾಗದ್ದು ಇದ್ದರೆ, ಊಟದ ಹೊತ್ತಿನಲ್ಲಿ ನಾವು ಹಿಂದಿನ ಕೋಣೆಯಲ್ಲಿ ಕೂತಿರುತ್ತೇವೆ, ಅಲ್ಲಿಗೆ ಬನ್ನಿ.