ಮೊಟ್ಟೆ ಎಸೆಯುವ ಮಳೆಹನಿ

ದಸರಾ ರಜೆಗೆ ಬಂದ ನೆಂಟರೆಲ್ಲ ಸಂತೇಬೆನ್ನೂರಿನ ಪುಷ್ಕರಿಣಿ ನೋಡಲಿ. ನಾವು ಅಡಿಕೆ ತೋಟ ದಾಟಿ ಕಾಡಂಚಿಗೆ ಹೋಗೋಣ, ಬನ್ನಿ ಮಕ್ಕಳೇ. ಚಿತ್ತಾ ಮಳೆಗೆ ನೆಲ ನೆಂದಿದೆ. ಅಣಬೆ ಹುಡುಕಲು ಒಳ್ಳೆಯ ಹದ.

ನಾಯಿಕೊಡೆ ನಿಮಗೆ ಗೊತ್ತೇ ಇದೆ. ಅಡಿಕೆ ಮರದ ಬುಡದಲ್ಲಿ ಗಟ್ಟಿ ಅಣಬೆ ಮೂಡಿದರೆ ಅಪ್ಪನ ಮುಖ ಸಪ್ಪಗಾಗುವುದೂ ಗೊತ್ತಿರಬಹುದು. ಅದು ಬೇರು ಕೊಳೆಸುವ ಅಣಬೆ ರೋಗ. ಇವತ್ತು ನಾವು ಹುಡುಕುವುದು ಇವೆರಡನ್ನೂ ಅಲ್ಲ.

ಹಳೆಯ ಸೆಗಣಿಯೋ ಕೊಳೆತ ಕಡ್ಡಿಯೋ ಬಿದ್ದಿರುವ ಕಡೆ ಕುಕ್ಕರುಗಾಲಲ್ಲಿ ಕೂತು ನೋಡಿ. ಅವಸರ ಬೇಡ. ನಿಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕ ಬಟ್ಟಲುಗಳು ಗುಂಪಾಗಿ ಕಾಣಿಸಬಹುದು. ಹೊರಗೆ ಕಂದು ರೋಮ, ಒಳಗೆ ನುಣುಪು. ತಳದಲ್ಲಿ ಒಂದೆರಡು ಮಿಲಿಮೀಟರಿನ ಕಪ್ಪು ಮೊಟ್ಟೆಗಳು! ಎಳೆಯ ಬಟ್ಟಲಾದರೆ ಬಾಯಿಗೆ ತೆಳ್ಳನೆಯ ಮುಚ್ಚಳವೂ ಇರುತ್ತದೆ.

ಇದು ಹಕ್ಕಿಗೂಡು ಅಣಬೆ. ವಿಜ್ಞಾನಿಗಳು ಸಯಾಥಸ್ ಎನ್ನುತ್ತಾರೆ. ಮೊಟ್ಟೆಯೊಳಗೆ ಮರಿಯಿಲ್ಲ, ಹೊಸ ಅಣಬೆ ಹುಟ್ಟಿಸುವ ಬೀಜಾಣುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು.

ಗೂಡಿನ ತಳದಲ್ಲಿ ಕೂತ ಮೊಟ್ಟೆ ದೂರ ಹೋಗುವುದು ಹೇಗೆ? ಅಡುಗೆಮನೆಯ ನಲ್ಲಿ ಕೆಳಗೆ ಚಮಚ ಹಿಡಿದು ನೋಡಿ. ನೀರು ಚಮಚದ ಗುಳಿಗೆ ಬಡಿದು, ಅಂಚಿನ ಗುಂಟ ಮೇಲೆದ್ದು ನಿಮ್ಮ ಅಂಗಿಗೇ ಹಾರುತ್ತದೆ. (ಅಮ್ಮ ಬೈದರೆ ವಿಜ್ಞಾನ ಎನ್ನಿ.) ಬಟ್ಟಲೊಳಗೂ ಹೀಗೇ. ದಪ್ಪ ಮಳೆಹನಿ ನೆಟ್ಟಗೆ ಬಿದ್ದರೆ ನೀರಿನ ಜೊತೆ ಮೊಟ್ಟೆಯೂ ಚಿಮ್ಮುತ್ತದೆ, ಸುಮಾರು 1 ಮೀಟರ್ ದೂರದವರೆಗೂ!

ಹಲವು ಜಾತಿಗಳಲ್ಲಿ ಮೊಟ್ಟೆಗೊಂದು ಸುರುಳಿ ದಾರವಿದೆ. ಹಾರುವಾಗ ಅದು ಬಿಚ್ಚಿಕೊಳ್ಳುತ್ತದೆ. ದಾರದ ಅಂಟು ತುದಿ ಹುಲ್ಲಿಗೆ ತಗುಲಿದ್ದೇ ತಡ, ಮೊಟ್ಟೆ ಗರಗರನೆ ಹುಲ್ಲನ್ನು ಸುತ್ತಿಕೊಂಡು ನಿಂತುಬಿಡುತ್ತದೆ. ಕೆನಡಾದ ಹೆರಾಲ್ಡ್ ಬ್ರೋಡಿ ಎಂಬ ವಿಜ್ಞಾನಿಗೆ ಈ ಚಮತ್ಕಾರದ ಹುಚ್ಚು ಎಷ್ಟಿತ್ತೆಂದರೆ, ಬರೀ ಈ ಅಣಬೆಗಳ ಬಗ್ಗೆಯೇ 1975ರಲ್ಲಿ ಒಂದು ಪುಸ್ತಕ ತಂದರು.

ನಿಮಗೆ ಗೂಡು ಸಿಕ್ಕರೆ ಕೀಳಬೇಡಿ, ಯಾವ ಕಾಡಣಬೆಯನ್ನೂ ಬಾಯಿಗಿಡಬೇಡಿ. ಎದೆಯೆತ್ತರದಿಂದ ಒಂದೊಂದೇ ಹನಿ ನೀರು ಬಿಟ್ಟು ನೋಡಿ. ಗುರಿ ತಪ್ಪುತ್ತಲೇ ಇರುತ್ತದೆ, ಮತ್ತೆ ಬಿಡಿ.

ಹುಲ್ಲಿಗೆ ಅಂಟಿದ ಮೊಟ್ಟೆಯ ಕಥೆ ಇನ್ನೂ ಇದೆ. ಮೇಯಲು ಬಂದ ಹಸು ಹುಲ್ಲಿನ ಜೊತೆ ಅದನ್ನೂ ನುಂಗುತ್ತದೆ. ಬೀಜಾಣುಗಳು ಹೊಟ್ಟೆಯಲ್ಲಿ ಸಾಯದೆ ಸೆಗಣಿಯಲ್ಲಿ ಹೊರಬೀಳುತ್ತವೆ. ಸೆಗಣಿಯಲ್ಲಿ ಬೆಳೆಯುವ ಜಾತಿಗೆ ಇದಕ್ಕಿಂತ ಒಳ್ಳೆಯ ಸವಾರಿ ಇನ್ನೇನು ಬೇಕು?