ಒಳ್ಳೆಯ ಮಾಲು ಯಾರಿಗೆ, ಉಳಿದದ್ದು ಯಾರ ತಲೆಗೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ನನಗೆ ಕೊಟ್ಟ ವಿಷಯದ ಹೆಸರು ಸ್ವಲ್ಪ ದೊಡ್ಡದು: ‘ಸುಸ್ಥಿರ ಹಾಗೂ ವೃತ್ತಾಕಾರದ ಆರ್ಥಿಕತೆ’. ಹೆಸರು ಕೇಳಿ ಹಿಂದಿನ ಸಾಲಿನವರು ಈಗಲೇ ನಿದ್ದೆಗೆ ತಯಾರಾದ ಹಾಗೆ ಕಾಣ್ತದೆ. ಹೆದರಬೇಡಿ. ಇದು ನಮ್ಮ ಅಜ್ಜಿಯಂದಿರು ಹೆಸರಿಡದೆ ಮಾಡುತ್ತಿದ್ದ ಕೆಲಸ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಟ್ಟಿಗೆ ಹೋಗುತ್ತಿತ್ತು. ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಬೈಹುಲ್ಲು ತಿರುಗಿ ಹಟ್ಟಿಗೆ. ಹಳೆ ಸೀರೆ ಮೊದಲು ತೊಟ್ಟಿಲಿಗೆ, ಆಮೇಲೆ ಒರೆಸುವ ಬಟ್ಟೆಗೆ. ಪಾತ್ರೆಗೆ ಕಲಾಯಿ ಹಾಕುವವರು, ಕೊಡೆ ರಿಪೇರಿಯವರು ಮನೆ ಬಾಗಿಲಿಗೆ ಬರುತ್ತಿದ್ದರು. ಒಂದು ವಸ್ತುವನ್ನು ಒಮ್ಮೆ ಬಳಸಿ ಎಸೆಯದೆ, ಅದು ಸುತ್ತಿ ಸುತ್ತಿ ಮತ್ತೆ ಬಳಕೆಗೆ ಬರುವ ಹಾಗೆ ಮಾಡುವುದು. ವೃತ್ತಾಕಾರ ಅಂದರೆ ಇಷ್ಟೇ.

ಹಾಗಂತ ಎಲ್ಲರೂ ಅಜ್ಜಿಯ ಕಾಲಕ್ಕೆ ಹೋಗಿ ಎಂದು ಹೇಳಲು ನಾನು ಬಂದಿಲ್ಲ. ಅಜ್ಜಿಯ ಮನೆಯಲ್ಲಿ ಶ್ಯಾಂಪೂ ಸ್ಯಾಶೆ ಇರಲಿಲ್ಲ, ಚಿಪ್ಸ್ ಪ್ಯಾಕೆಟ್ ಇರಲಿಲ್ಲ, ಮಗುವಿನ ಡೈಪರ್ ಇರಲಿಲ್ಲ. ನಮ್ಮ ಮನೆಯಲ್ಲಿ ಉಂಟು. ಅದನ್ನು ಏನು ಮಾಡ್ತೇವೆ? ಬೆಳಿಗ್ಗೆ ಬಚ್ಚಲ ಒಲೆಗೆ ಹಾಕ್ತೇವೆ. ಬೆಂಕಿ ಬೇಗ ಹಿಡಿಯುತ್ತದೆ ಅಂತ ಸಂತೋಷ ಬೇರೆ! ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಆ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕೂತವರ ಎದೆಗೆ. ಗಂಡಸರು ನೀರು ಬಿಸಿಯಾದ ಮೇಲೆ ಸ್ನಾನಕ್ಕೆ ಬರುತ್ತಾರೆ.

ಸುಡದೆ ಹೊರಗೆ ಹಾಕಿದರೆ ಅದು ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಏನಾಯಿತು ಎಂದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವರ್ಷಗಟ್ಟಲೆ ರಾಶಿ ಬಿದ್ದಿದ್ದ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ಮನೆ, ಅಡಿಕೆ ತೋಟ, ತೆಂಗಿನ ಮರ, ಎಲ್ಲ ಕಸದ ಅಡಿಗೆ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡದಲ್ಲಿದ್ದ ಕಸ ಮಂದಾರದವರದ್ದಲ್ಲ, ಊರೆಲ್ಲದರದ್ದು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ನಮ್ಮ ಊರುಗಳಲ್ಲಿ ಏನೂ ನಡೆಯುತ್ತಿಲ್ಲ ಅಂತ ಅಲ್ಲ. ಬಹಳ ನಡೆಯುತ್ತಿದೆ. ಒಂದು ಸಂಘ ಎರೆಗೊಬ್ಬರ ಮಾಡ್ತದೆ. ಇನ್ನೊಂದು ಸಂಘ ಬಟ್ಟೆ ಚೀಲ ಹೊಲಿಯುತ್ತದೆ. ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿ ಬರುತ್ತದೆ, ಅದನ್ನು ನಡೆಸುವುದು ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು. ಹಲವು ಕಡೆ ಡ್ರೈವರ್ ಕೂಡ ಹೆಂಗಸೇ, ನೋಡುವಾಗ ಹೆಮ್ಮೆ ಆಗ್ತದೆ. ಗುಜರಿಯವರು ಸೈಕಲ್ಲಿನಲ್ಲಿ, ಟೆಂಪೋದಲ್ಲಿ ಬರುತ್ತಾರೆ. ಶಾಲೆಯವರು ಬಾಟ್ಲಿ ಒಟ್ಟು ಮಾಡ್ತಾರೆ. ಕಂಪನಿಯವರು ಒಮ್ಮೆ ಬಂದು ಡಬ್ಬಿ ಹಂಚಿ, ಫೋಟೋ ತೆಗೆದು ಹೋಗ್ತಾರೆ. ಒಬ್ಬೊಬ್ಬರದ್ದು ಒಂದೊಂದು ದಾರಿ. ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ನಮ್ಮಲ್ಲಿಯೇ ನೋಡಿ, ಒಬ್ಬಳೇ ಹೆಂಗಸು ಸೋಮವಾರ ನಮ್ಮ ಸಂಘದ ಸಭೆಗೆ ಬರುತ್ತಾಳೆ, ಬುಧವಾರ ಸಂಜೀವಿನಿ ಸಂಘಕ್ಕೆ, ಭಾನುವಾರ ಇನ್ನೊಂದು ಯೋಜನೆಯ ಸಂಘಕ್ಕೆ. ಮೂರು ಸಂಘದವರೂ ಬೇರೆ ಬೇರೆ ದಿನ ಅದೇ ಬಸ್‌ಸ್ಟ್ಯಾಂಡ್ ಗುಡಿಸುತ್ತಾರೆ.

ಹಾಗೆ ಬೇರೆ ಬೇರೆ ಮಾಡಿದರೆ ತೊಂದರೆ ಏನು? ಒಂದು ಲೆಕ್ಕ ಹಾಕೋಣ, ಪುಸ್ತಕ ಬರೆಯುವವರು ನೋಡಿಕೊಳ್ಳಿ. ಇದು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಅಂಕೆ ನೀವೇ ಹಾಕಬೇಕು. ಒಂದು ಪಂಚಾಯಿತಿಯಲ್ಲಿ 800 ಮನೆ. ಗಾಡಿಯಲ್ಲಿ ಮೂವರಿಗೆ ತಿಂಗಳಿಗೆ 12,000ದಂತೆ ಸಂಬಳ 36,000, ಡೀಸೆಲ್‌ಗೆ 8,000. ಖರ್ಚು 44,000. ಮನೆಗೆ 50 ರೂಪಾಯಿಯಂತೆ ಎಲ್ಲರೂ ಕೊಟ್ಟರೆ 40,000. ಒಣ ಕಸ ಮಾರಿ 6,000 ಬಂತು ಅಂತ ಇಟ್ಟುಕೊಳ್ಳಿ. ಒಟ್ಟು 46,000, ಸರಿಹೋಯಿತು. ಅರ್ಧ ಮನೆಯವರು ಮಾತ್ರ ಕೊಟ್ಟರೆ? 20,000 ಮತ್ತು 6,000 ಸೇರಿ 26,000. ಆಗಲೇ 18,000 ಕಡಿಮೆ. ಇನ್ನೂ ಉಂಟು. ರಟ್ಟು, ಬಾಟ್ಲಿ, ಕಬ್ಬಿಣ, ಹಳೆ ಪೇಪರನ್ನು ನಾವು ಮೊದಲೇ ಗುಜರಿಗೆ ಮಾರಿದ್ದೇವೆ. ಶಾಲೆಯವರು ಒಳ್ಳೆಯ ಬಾಟ್ಲಿ ಆರಿಸಿಕೊಂಡರು. ಗಾಡಿಯ ಹೆಂಗಸರಿಗೆ ಉಳಿದದ್ದು ಏನು? ಚಿಪ್ಸ್ ಪ್ಯಾಕೆಟ್, ಗುಟ್ಕಾ ಸ್ಯಾಶೆ, ಹರಿದ ಚಪ್ಪಲಿ, ಪ್ಯಾಡು. 6,000 ಇದ್ದದ್ದು 1,500ಕ್ಕೆ ಇಳಿಯುತ್ತದೆ. ಸಂಬಳ ಎರಡು ತಿಂಗಳು ತಡ, ಆಮೇಲೆ ಮೂರು ತಿಂಗಳು. ಕೊನೆಗೆ ಅವಳು ಕೆಲಸ ಬಿಡುತ್ತಾಳೆ, ಗಾಡಿ ಪಂಚಾಯಿತಿ ಅಂಗಳದಲ್ಲಿ ನಿಲ್ಲುತ್ತದೆ. ಊರವರು ಏನು ಹೇಳ್ತಾರೆ? “ಹೆಂಗಸರ ಕೈಯಲ್ಲಿ ಆಗ್ಲಿಲ್ಲ.”

ಇದಕ್ಕೆ ಗುಜರಿಯವರನ್ನು ಓಡಿಸುವುದು ಪರಿಹಾರ ಅಲ್ಲ. ಕೆಲವು ಕಡೆ ಹಾಗೆ ಮಾತಾಡುವುದನ್ನು ಕೇಳಿದ್ದೇನೆ, ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಸಂಘಗಳು ಹುಟ್ಟುವ ಮೊದಲೇ ಅವರು ವಸ್ತುಗಳನ್ನು ಸುತ್ತಿಗೆ ತಂದವರು, ಯಾವ ಸನ್ಮಾನವೂ ಇಲ್ಲದೆ. 2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣೆ ನಿಯಮಗಳೂ ಕಸ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದವು. ಸ್ವಸಹಾಯ ಸಂಘಗಳಿಗೆ ಈ ಕೆಲಸದಲ್ಲಿ ಅವಕಾಶ ಮಾಡಿಕೊಡಬೇಕು ಎಂದೂ ಹೇಳಿದವು. ಎರಡೂ ಒಂದೇ ನಿಯಮದಲ್ಲಿ ಇದ್ದದ್ದು. ಅಂದರೆ ಇಬ್ಬರಿಗೂ ಜಾಗ ಉಂಟು, ಪಾಲು ಹೇಗೆ ಅಂತ ಮಾತಾಡಿಕೊಳ್ಳಬೇಕು.

ಬೇರೆ ಊರಿನವರು ಹೇಗೆ ಮಾತಾಡಿಕೊಂಡರು ನೋಡಿ. ಪುಣೆಯಲ್ಲಿ ಕಸ ಆಯುವವರೇ ಸೇರಿ ‘ಸ್ವಚ್ಛ್’ ಎಂಬ ಸಹಕಾರಿ ಸಂಘ ಮಾಡಿಕೊಂಡಿದ್ದಾರೆ. 2008ರಲ್ಲಿ ಅಲ್ಲಿನ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಆಯಿತು. ಅದರಲ್ಲಿ ಇರುವವರು ಹೆಚ್ಚಿನವರು ಹೆಂಗಸರು. ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ, ಒಣ ಕಸ ಮಾರಿದ ಹಣವೂ ಅವರದ್ದೇ. ಅಲ್ಲಿ ಆಯುವವರು ಬೇರೆ, ಗಾಡಿಯವರು ಬೇರೆ ಎಂಬ ಜಗಳಕ್ಕೆ ಕಾರಣವೇ ಇಲ್ಲ.

ಕೇರಳದಲ್ಲಿ ಇನ್ನೊಂದು ರೀತಿ. ಕುಡುಂಬಶ್ರೀ ಹೆಣ್ಣುಮಕ್ಕಳ ‘ಹರಿತ ಕರ್ಮ ಸೇನೆ’ ಹಸಿರು ಕೋಟು ಹಾಕಿಕೊಂಡು ಮನೆ ಮನೆಗೆ ಹೋಗುತ್ತದೆ. 30 ಸಾವಿರಕ್ಕೂ ಹೆಚ್ಚು ಹೆಂಗಸರು ಇದ್ದಾರೆ. ಹೆಚ್ಚಿನ ಕಡೆ ಹಸಿ ಕಸ ಅವರು ಮುಟ್ಟುವುದಿಲ್ಲ, ಅದು ಮನೆಯಲ್ಲೇ ಗೊಬ್ಬರ ಆಗಬೇಕು. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮುಂತಾದ್ದನ್ನು ತೆಗೆದುಕೊಂಡು ಹೋಗಿ ವಿಂಗಡಿಸುತ್ತಾರೆ. ಸರ್ಕಾರದ ಕ್ಲೀನ್ ಕೇರಳ ಕಂಪನಿ ಅವರಿಂದ ಒಳ್ಳೆಯ ಮಾಲನ್ನು ಖರೀದಿಸುತ್ತದೆ, ಬೆಲೆ ಇಲ್ಲದ್ದನ್ನೂ ಸಾಗಿಸುತ್ತದೆ. ಮೊದಲು ಅಲ್ಲೂ ಬಹಳ ಮನೆಯವರು ಶುಲ್ಕ ಕೊಡಲು ಒಪ್ಪಲಿಲ್ಲ, ಬಾಗಿಲಲ್ಲಿ ನಿಂತು ಬೈಗುಳ ತಿಂದವರು ಇದ್ದಾರೆ. ಒಂದು ತಮಾಷೆ ಹೇಳ್ತೇನೆ. ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಈ ಸೇನೆಯ 11 ಹೆಂಗಸರು ಸೇರಿ 250 ರೂಪಾಯಿಯ ಲಾಟರಿ ಟಿಕೆಟ್ ತೆಗೆದರು. ಒಬ್ಬೊಬ್ಬರಲ್ಲಿ ಪೂರ್ತಿ ಹಣ ಇರಲಿಲ್ಲ. 9 ಜನ 25 ರೂಪಾಯಿ ಹಾಕಿದರು, ಇಬ್ಬರು ಸೇರಿ ಒಂದು ಪಾಲು ಹಾಕಿದರು. 2023ರ ಜುಲೈಯಲ್ಲಿ ಅದಕ್ಕೆ 10 ಕೋಟಿ ಬಂತು! ಕೆಲಸ ಬಿಡುವುದಿಲ್ಲ ಎಂದು ಅವರು ಹೇಳಿದರು. ಲಾಟರಿ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ, ಮನೆಗೆ ಹೋಗಿ ಸಿಸ್ಟರ್ ಹೇಳಿದ್ದಾರೆ ಅನ್ನಬೇಡಿ. ದಿನಾ ಆ ಕೆಲಸ ಮಾಡುವವರ ಕೈಯಲ್ಲಿ ಒಂದು ಟಿಕೆಟ್‌ಗೆ ಬೇಕಾದ ಹಣ ಕೂಡ ಇರಲಿಲ್ಲ, ಅದನ್ನು ಗಮನಿಸಿ.

ನಮ್ಮ ಹತ್ತಿರವೇ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಮಾಡಿದ್ದಾರೆ. ಸುತ್ತಲಿನ ಹಲವು ಗ್ರಾಮ ಪಂಚಾಯಿತಿಗಳ ಕಸ ಅಲ್ಲಿಗೆ. ಇದು ಯಾಕೆ ಒಳ್ಳೆಯದು ಅಂದರೆ, ಒಂದು ಪಂಚಾಯಿತಿಯ ಹತ್ತು ಗೋಣಿ ಪ್ಲಾಸ್ಟಿಕ್‌ಗೆ ದೊಡ್ಡ ಖರೀದಿದಾರರು ಲಾರಿ ಕಳಿಸುವುದಿಲ್ಲ. ಹತ್ತಾರು ಪಂಚಾಯಿತಿ ಸೇರಿದರೆ ಲೋಡು ಆಗುತ್ತದೆ, ಬೆಲೆ ಕೇಳುವ ಶಕ್ತಿ ಬರುತ್ತದೆ. ಉಳಿತಾಯದ ಹಣ ಒಟ್ಟು ಮಾಡಿ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಕುರ್ಚಿ ಕೊಟ್ಟರಲ್ಲ, ಅದೇ ರೀತಿ.

ಆದರೆ ಯಾರೂ ಕೊಳ್ಳದ ಪ್ಯಾಕೆಟ್ ಕಥೆ ಬೇರೆ. ಚಿಪ್ಸ್ ಪ್ಯಾಕೆಟಿನಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಬಣ್ಣದ ಪದರ ಅಂಟಿರುತ್ತದೆ, ಬೇರೆ ಮಾಡಲು ಕಷ್ಟ. ಇದರಲ್ಲಿ ಬಹಳಷ್ಟು ಸಿಮೆಂಟ್ ಕಾರ್ಖಾನೆಗೆ ಉರಿಸಲು ಹೋಗುತ್ತದೆ. ಬಚ್ಚಲ ಒಲೆಗಿಂತ ಅದು ಎಷ್ಟೋ ಮೇಲು, ಅಲ್ಲಿ ಶಾಖ ಬಹಳ ಹೆಚ್ಚು. ಆದರೂ ಉರಿದು ಹೋದದ್ದು ಸುತ್ತಿ ಬರುವುದಿಲ್ಲ. ಅದನ್ನು ವೃತ್ತ ಅಂತ ಕರೆದು ನಮ್ಮನ್ನು ನಂಬಿಸುವುದು ಬೇಡ. ಪ್ಯಾಕೆಟ್ ಮಾಡಿದ ಕಂಪನಿಗಳು ಅದನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕು ಎಂದು 2016ರ ಪ್ಲಾಸ್ಟಿಕ್ ನಿಯಮದಲ್ಲೇ ಇತ್ತು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ವಿವರವಾದ ಮಾರ್ಗಸೂಚಿ ತಂದಿತು. ಕಂಪನಿಗಳು ಮರುಬಳಕೆ ಮಾಡುವ ನೋಂದಾಯಿತ ಘಟಕಗಳಿಂದ ಪ್ರಮಾಣಪತ್ರ ಕೊಳ್ಳುತ್ತವೆ. ಹಣ ಹೋಗುವುದು ಆ ಘಟಕಕ್ಕೆ. ಮನೆ ಬಾಗಿಲಲ್ಲಿ ಪ್ಯಾಕೆಟ್ ಹೆಕ್ಕಿದ ಹೆಂಗಸಿಗೆ ಅದರಲ್ಲಿ ಪಾಲು ಬರಬೇಕಾದರೆ ಒಪ್ಪಂದದಲ್ಲಿ ಬರೆದಿರಬೇಕು. ತಾನಾಗಿ ಇಳಿದು ಬರುವುದಿಲ್ಲ.

ನಮ್ಮ ಸಂಘಗಳ ಒಳಗೇ ಒಂದು ಸಣ್ಣ ಜಗಳ ಉಂಟು, ಅದನ್ನೂ ಹೇಳಿಬಿಡ್ತೇನೆ. ಹಾಳೆ ತಟ್ಟೆ ಮಾಡುವ ಸಂಘದವರು ಮದುವೆ, ಪೂಜೆಗೆಲ್ಲ ತಮ್ಮ ತಟ್ಟೆಯೇ ಹೋಗಲಿ ಅನ್ನುತ್ತಾರೆ. ಸ್ಟೀಲು ತಟ್ಟೆ, ಲೋಟ ಇಟ್ಟುಕೊಂಡು ಬಾಡಿಗೆಗೆ ಕೊಡುವವರು, ಒಮ್ಮೆ ಬಳಸಿ ಎಸೆಯುವುದು ಯಾಕೆ ಅನ್ನುತ್ತಾರೆ. ಇಬ್ಬರೂ ಪ್ಲಾಸ್ಟಿಕ್ ತಟ್ಟೆಯನ್ನು ಹೊರಗೆ ಹಾಕಲು ಹೊರಟವರೇ! ನೀರು, ತೊಳೆಯುವ ಜಾಗ, ಕೂಲಿಗೆ ಜನ ಇರುವ ಸಭಾಭವನಕ್ಕೆ ಸ್ಟೀಲು ಹೋಗಲಿ. ಏಪ್ರಿಲ್, ಮೇ ತಿಂಗಳು ಬಾವಿ ಬತ್ತಿದಾಗ, ಗುಡ್ಡದ ಮೇಲಿನ ಜಾತ್ರೆಗೆ, ಹಾಳೆ ಹೋಗಲಿ, ಆಮೇಲೆ ಗೊಬ್ಬರದ ಗುಂಡಿಗೆ ಬೀಳಲಿ. ಆರ್ಡರ್ ಪುಸ್ತಕ ಒಂದೇ ಇಡಿ. ಯಾರಿಗೆ ಫೋನ್ ಬಂದರೂ ಅದರಲ್ಲೇ ಬರೆಯಲಿ.

ಪ್ಯಾಡಿನ ವಿಷಯ ಗಂಡಸರ ಎದುರು ಮಾತಾಡಲು ನಾಚಿಕೆ, ಆದರೆ ವಿಂಗಡಿಸುವ ಮೇಜಿನ ಮೇಲೆ ಅದನ್ನು ಕೈಯಲ್ಲಿ ಹಿಡಿಯುವವಳು ನಮ್ಮ ಹಾಗೆ ಒಬ್ಬಳು ಹೆಂಗಸು. ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬಟ್ಟೆ ಪ್ಯಾಡ್, ಮುಟ್ಟಿನ ಕಪ್ ಬಗ್ಗೆ ನರ್ಸಮ್ಮನನ್ನು ಕೇಳಿ. 2022ರಲ್ಲಿ ನಮ್ಮ ರಾಜ್ಯ ಸರ್ಕಾರವೇ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಹುಡುಗಿಯರಿಗೆ ಕಪ್ ಕೊಡುವ ಪ್ರಯೋಗ ಆರಂಭಿಸಿತ್ತು.

ಹಾಗಾದರೆ ಈಗ ಏನು ಮಾಡುವುದು? ಹೊಸ ಸಂಘ ಬೇಡ, ಹೊಸ ಬ್ಯಾನರ್ ಬೇಡ. ಪಂಚಾಯಿತಿಯಲ್ಲಿ ಒಂದು ದಿನ ಎಲ್ಲರನ್ನೂ ಕೂರಿಸಿ: ಗಾಡಿಯ ಹೆಂಗಸರು, ಪಿಡಿಒ, ಮೂರೂ ಕಡೆಯ ಸಂಘದವರು, ಶಾಲೆಯವರು, ಅಂಗಡಿಯವರು, ಗುಜರಿಯವರು. ಗುಜರಿಯವರನ್ನು ಕರೆಯುವಾಗ ಕುರ್ಚಿ ಹಾಕಿ ಕರೆಯಿರಿ. ಒಂದು ದೊಡ್ಡ ಹಾಳೆಯಲ್ಲಿ ಬರೆಯಿರಿ, ಯಾವ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅಂತ. ಕಬ್ಬಿಣ, ಬ್ಯಾಟರಿ, ಗಾಜು ಗುಜರಿಯವರು ಕೊಳ್ಳುವುದಾದರೆ, ಘಟಕದಿಂದಲೇ ತೂಕ ಮಾಡಿ ಕೊಳ್ಳಲಿ, ಚೀಟಿ ಇರಲಿ. ಶಾಲೆ ಬಾಟ್ಲಿ ಒಟ್ಟು ಮಾಡಿದರೆ ಗಾಡಿಗೇ ಕೊಡಲಿ. ಹಾಲಿನ ಪ್ಯಾಕೆಟಿನ ಮೂಲೆ ಪೂರ್ತಿ ಕತ್ತರಿಸದೆ, ತೊಳೆದು ಒಣಗಿಸಿ ಕೊಡುವುದು ನಮ್ಮ ಪಾಲು. ಹಸಿ ಕಸ ಗಾಡಿ ಹತ್ತಬಾರದು, ಅದು ತೆಂಗಿನ ಬುಡಕ್ಕೆ. ಜಾಗ ಇಲ್ಲದ ಬಾಡಿಗೆ ಮನೆಯವರದ್ದನ್ನು ಎರೆಗೊಬ್ಬರದ ಸಂಘ ತೆಗೆದುಕೊಳ್ಳಲಿ.

ಕೊನೆಯ ಸಾಲಿನಲ್ಲಿ ಯಾರೂ ಬೇಡ ಅನ್ನುವ ವಸ್ತುಗಳ ಹೆಸರು ಬರುತ್ತದೆ. ಆ ಸಾಲನ್ನು ಖಾಲಿ ಬಿಟ್ಟು ಚಾ ಕುಡಿದು ಎದ್ದು ಬರಬೇಡಿ. ಅದನ್ನು ಸಾಗಿಸುವ ಖರ್ಚು ಪಂಚಾಯಿತಿಯದ್ದೋ, ದೊಡ್ಡ ಘಟಕದ್ದೋ, ಕಂಪನಿಯದ್ದೋ, ಅದೇ ದಿನ ಬರೆಸಿ. ಗಾಡಿಯ ಹೆಂಗಸರ ಸಂಬಳದ ದಿನಾಂಕವನ್ನೂ ಅದೇ ಹಾಳೆಯಲ್ಲಿ ಬರೆಸಿ. ಪಿಡಿಒ ಅವರ ಸಹಿ ಬೇಕು. ಒಂದು ಪ್ರತಿ ನಿಮ್ಮ ನಿರ್ಣಯ ಪುಸ್ತಕಕ್ಕೆ ಅಂಟಿಸಿ, ಗ್ರಾಮಸಭೆಗೆ ಹೋಗುವಾಗ ಪುಸ್ತಕ ಜೊತೆಗೇ ತೆಗೆದುಕೊಂಡು ಹೋಗಿ.

ಊಟದ ಬೆಲ್ ಆಯಿತು. ಪ್ರಶ್ನೆ ಇದ್ದವರು ಊಟ ಆದ ಮೇಲೆ ನನ್ನ ಹತ್ತಿರ ಕೂತುಕೊಳ್ಳಿ, ಹಾಳೆ ಮತ್ತು ಸ್ಕೆಚ್ ಪೆನ್ ತಂದಿದ್ದೇನೆ.